ಅಲಾರ್ಮ್ ಮಾನಿಟರ್‌ಗೆ ಕನ್ನಡ ಪದ: ನಾಳೆ ಅಚ್ಚಿಗೆ ಹೋಗಬೇಕು

ಗೆಳೆಯರೇ,

ಅಲಾರ್ಮ್ ಮಾನಿಟರ್, ಅಂದರೆ ಅಲಾರ್ಮ್ ಪ್ಯಾನೆಲ್ ಮುಂದೆ ಡ್ಯೂಟಿ ಮಾಡುವವರನ್ನು ಕನ್ನಡದಲ್ಲಿ ಏನನ್ನಬೇಕು ಅಂತ ನಿನ್ನೆ ಕೇಳಿದ್ದಕ್ಕೆ ಇಷ್ಟೊಂದು ಉತ್ತರ ಬಂದವು, ಖುಷಿಯಾಯಿತು. ಆದರೆ ಅರ್ಧಕ್ಕಿಂತ ಜಾಸ್ತಿ ಜನ ಕೆಲಸ ಎಂಥದ್ದು ಅಂತ ಕೇಳದೆಯೇ ಪದ ಕೊಟ್ಟಿದ್ದೀರಿ. ನಾಳೆ 11 ಗಂಟೆಗೆ ನಮ್ಮ ಪುಣೆಯ ಸಂಘದ ಸಂಚಿಕೆ ಪ್ರೆಸ್‌ಗೆ ಹೋಗುತ್ತೆ. ಅಪ್ಪನ ಫೋಟೋ ಕೆಳಗೆ ಒಂದೇ ಸಾಲು ಬೇಕು.

ಅಪ್ಪ ಬೆಳಗಾವಿ ಕಡೆಯವರು. ಸೇನೆಯಿಂದ ಪೆನ್ಷನ್ ಬಂದ ಮೇಲೆ ರಕ್ಷಣಾ ಇಲಾಖೆಯ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್ ಸೇರಿದರು. 1947ರಿಂದ ಇರುವ ಈ ದಳದಲ್ಲಿ ಹೆಚ್ಚಿನವರು ಮಾಜಿ ಸೈನಿಕರೇ. ಪುಣೆಯ ಒಂದು ನೆಲೆಯಲ್ಲಿ ಅವರಿಗೆ ರಾತ್ರಿ ಪಾಳಿ. ಕಿಟಕಿಯಿಲ್ಲದ ಕೋಣೆ, ಎದುರಿಗೆ ಸಾಲು ದೀಪಗಳ ಪ್ಯಾನೆಲ್. ಒಂದೊಂದು ದೀಪ ಒಂದೊಂದು ಗೋದಾಮಿನದು. ಬಾಗಿಲಿನ ಮ್ಯಾಗ್ನೆಟ್ ಸ್ವಿಚ್ ಸರಿದರೆ ದೀಪ ಕೆಂಪಾಗಿ ಬಜರ್ ಕೂಗುತ್ತೆ. ತಂತಿ ಕತ್ತರಿಸಿದರೂ ಕೂಗುತ್ತೆ. ಆಗ ಬಜರ್ ನಿಲ್ಲಿಸಬೇಕು, ಫೋನೆತ್ತಿ ಗಸ್ತಿನವರನ್ನು ಓಡಿಸಬೇಕು, ರಿಜಿಸ್ಟರಿನಲ್ಲಿ ಟೈಮು ಬರೆಯಬೇಕು. ಮಳೆಗಾಲದಲ್ಲಿ ಗಾಳಿಗೆ ಬಾಗಿಲು ಅಲುಗಾಡಿದರೂ, ಸೆನ್ಸರ್ ಮೇಲೆ ಹಲ್ಲಿ ಹರಿದರೂ ಸುಮ್ನೆ ಕೂಗುತ್ತಿತ್ತು. ಹತ್ತನೇ ಸಲವೂ ಜನ ಕಳಿಸಲೇಬೇಕು. "ಸುಳ್ಳ ಅಂತ ಕುಂತ್ರ ಅವತ್ತ ಖರೇ ಇರ್ತೈತಿ" ಅನ್ನುತ್ತಿದ್ದರು.

ಈಗ ನೀವು ಕೊಟ್ಟ ಪದಗಳು. 'ಅಪಾಯಸೂಚಕ ಘಂಟಾ ವೀಕ್ಷಕ' ಖಂಡಿತ ಬೇಡ. ವೀಕ್ಷಕ ಅಂದರೆ ಕ್ರಿಕೆಟ್ ನೋಡುವವನೂ ಹೌದು. ಅಪ್ಪ ಕೂಗಿಗೆ ಓಗೊಡುತ್ತಿದ್ದರು, ನೋಡುತ್ತಾ ಕೂತಿರಲಿಲ್ಲ. 'ಕಾವಲುಗಾರ' ಅಂದರೆ ಓದುವವರ ಕಣ್ಣಿಗೆ ಗೇಟು, ಲಾಠಿ ಬರುತ್ತೆ. 'ಪಹರೇದಾರ'ದ್ದೂ ಅದೇ ಕಥೆ. ಇಲ್ಲಿ ಮರಾಠಿಯವರ ಬಾಯಲ್ಲಿ 'ಪಹಾರೇಕರಿ' ಕೇಳಿದಾಗಲೂ ನನಗೆ ನಿಂತು ಕಾಯುವವನೇ ಕಾಣುತ್ತಾನೆ.

ಪಹರೆ ಪಾರಸಿ ಪದ, ಮುಟ್ಟಬೇಡಿ ಅಂತ ಗದರಿದ ಹಿರಿಯರಿಗೆ ಒಂದು ಮಾತು. ಪಹರೆಯ ಬೇರು ಸಂಸ್ಕೃತದ ಪ್ರಹರ. ಪಾರಸಿ ಬಂದಿರುವುದು 'ದಾರ'ದಲ್ಲಿ ಮಾತ್ರ ಸರ್. ಗಸ್ತು ಪೂರಾ ಪಾರಸಿಯೇ. ಅದನ್ನು ಬಿಟ್ಟು ರಾತ್ರಿ ಪೊಲೀಸರು ತಿರುಗುವುದನ್ನು ಒಂದು ವಾಕ್ಯದಲ್ಲಿ ಬರೆದು ತೋರಿಸಿ, ಆಮೇಲೆ ಮಾತಾಡೋಣ. ಮನೆಮನೆಯಲ್ಲೂ 'ಅಲಾರಂ ಇಟ್ಟು ಮಲಗು' ಅನ್ನುವಾಗ ಯಾರ ಕನ್ನಡವೂ ಕೆಟ್ಟಿಲ್ಲ.

ಆದರೂ ನನ್ನ ಮನಸ್ಸು 'ಹುಯಿಲು' ಕಡೆಗೇ ಹೋಗುತ್ತೆ. ಅಲಾರ್ಮ್‌ನ ಮೂಲ ಇಟಾಲಿಯನ್ನಿನ 'ಆಲ್ ಆರ್ಮೆ', ಆಯುಧ ಹಿಡಿಯಿರಿ ಅನ್ನುವ ಕೂಗು. ನಮ್ಮ ಹುಯಿಲಿನ ಹಳಗನ್ನಡ ರೂಪ ಪುಯ್ಯಲ್ ಕೂಡ ಮೊರೆಯ ಕೂಗು. ವೀರಗಲ್ಲಿನ ಶಾಸನಗಳಲ್ಲಿ ಕಾದಾಟದ ಅರ್ಥಕ್ಕೂ ಬರುತ್ತೆ. ತುರು ಹೊಡೆದುಕೊಂಡು ಹೋದರು ಅಂತ ಊರು ಕೂಗಿಕೊಂಡಾಗ ಎದ್ದು ಓಡಿದವರ ಕಲ್ಲುಗಳು ನಮ್ಮಲ್ಲಿ ಎಷ್ಟಿಲ್ಲ! ಕೂಗು ಬಂದ ಕೂಡಲೇ ಜನ ಓಡಿಸುವುದೇ ಅಪ್ಪನ ಕೆಲಸ ಅಲ್ವಾ? ಪೇಪರಿನವರು ಹುಯಿಲನ್ನು ಬರೀ ಗಲಾಟೆಗೆ ಇಳಿಸಿದ್ದಾರೆ ಅಂತ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಹಾಗಾಗಿ ಫೋಟೋ ಕೆಳಗೆ 'ರಾತ್ರಿ ಪಾಳಿಯ ಹುಯಿಲುಗಾವಲಿನಲ್ಲಿ ಅಪ್ಪ' ಅಂತ ಹಾಕುತ್ತಿದ್ದೇನೆ. ಲೇಖನದ ಒಳಗೆ ಅವರೇ ಹೇಳುತ್ತಿದ್ದ 'ಪ್ಯಾನೆಲ್ ಡ್ಯೂಟಿ' ಹಾಗೇ ಇರುತ್ತೆ, ಅದನ್ನು ಯಾರೂ ತಿದ್ದಬೇಡಿ. ಸಮಾಸದ ಬಗ್ಗೆ ಮಾತ್ರ ಒಂದು ಅನುಮಾನ: ಹುಯಿಲುಗಾವಲೋ, ಹುಯಿಲ್ಗಾವಲೋ? ಬೆಳಿಗ್ಗೆ 10ರೊಳಗೆ ಯಾರಾದರೂ ಹೇಳಿ.