ಮಿಕ್ಮಾ ಜನರ ನೆಟುಕುಲಿಮ್ಕ್: ಹಿಡಿದು ಮಾರುತ್ತಲೇ ಕಾಪಾಡುವುದು ಹೇಗೆ?

ನದಿದಂಡೆ:
ಕೆನಡಾದ ನೋವಾ ಸ್ಕೋಷಾ ಕಡೆಯ ಮೂಲನಿವಾಸಿಗಳಾದ ಮಿಕ್ಮಾ ಜನರ ಬಗ್ಗೆ ಓದುತ್ತಿದ್ದೇನೆ. ನದಿ, ಕಾಡು, ಮೀನು ಕಾಪಾಡುವುದು ತಮ್ಮ ಹೊಣೆ ಅನ್ನುತ್ತಾರೆ. ಅದೇ ಜನ ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್ ಹಿಡಿದು ಮಾರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಇವೆರಡೂ ಹೇಗೆ ಹೊಂದುತ್ತವೆ ಅಂತ ತಲೆಗೆ ಹತ್ತುತ್ತಿಲ್ಲ. ಕಾಪಾಡೋದು ಅಂದರೆ ಮುಟ್ಟದೆ ಬಿಡೋದು ಅಲ್ವಾ?

ಹಾವುಮೀನು:
ಅಲ್ಲ, ಅಲ್ಲೇ ಗಂಟು ಇರುವುದು. ಅವರ ಮಾತು ನೆಟುಕುಲಿಮ್ಕ್. ಬದುಕಿಗೆ ಬೇಕಾದಷ್ಟು ತಗೋ, ಹಂಚಿಕೋ, ಆದರೆ ಮುಂದೆ ಬರುವವರಿಗೂ ಆ ನೀರು, ಆ ಮೀನು ಸಿಗುವ ಹಾಗೆ ತಗೋ. ತಗೊಳ್ಳುವ ಹಕ್ಕು, ನೋಡಿಕೊಳ್ಳುವ ಹೊಣೆ ಎರಡೂ ಅದರೊಳಗೇ ಇವೆ. ಹಾವುಮೀನನ್ನೇ (ಈಲ್) ನೋಡಿ: ಮಾಂಸ ಊಟಕ್ಕೆ, ತೊಗಲು ಉಳುಕಿದ ಕಾಲಿಗೆ ಕಟ್ಟಲು.

ಕೋರ್ಟಿಗೆ ಹೋದದ್ದೂ ಅದೇ ಹಾವುಮೀನಿನಿಂದ. 1993ರಲ್ಲಿ ಡೊನಾಲ್ಡ್ ಮಾರ್ಷಲ್ ಜೂನಿಯರ್ ಅನ್ನುವ ಮಿಕ್ಮಾ ವ್ಯಕ್ತಿ ಪಾಮ್ಕೆಟ್ ಬಂದರಿನ ಹತ್ತಿರ ಹಿಡಿದ 463 ಪೌಂಡ್ ಹಾವುಮೀನನ್ನು 787 ಡಾಲರ್ 10 ಸೆಂಟಿಗೆ ಮಾರಿದರು, ಲೈಸೆನ್ಸ್ ಇಲ್ಲ ಅಂತ ಅವರ ಮೇಲೆ ಕೇಸು ಬಿತ್ತು. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಬ್ರಿಟಿಷರ ಜೊತೆ ಆಗಿದ್ದ 1760-61ರ ಒಪ್ಪಂದಗಳನ್ನು ಎತ್ತಿಹಿಡಿದು, ಸಾಧಾರಣ ಜೀವನ ನಡೆಸುವಷ್ಟು ಹಿಡಿದು ಮಾರಬಹುದು ಅಂದಿತು. ಅದೇ ವರ್ಷದ ನವೆಂಬರಿನಲ್ಲಿ, ಮೀನಿನ ಸಂತತಿ ಉಳಿಸುವಂಥ ಕಾರಣಕ್ಕೆ ಸರ್ಕಾರ ನಿಯಮ ಹಾಕಬಹುದು ಅಂತಲೂ ಹೇಳಿತು. ಸಂಪತ್ತು ಕೂಡಿಡುವುದಕ್ಕಲ್ಲ ಈ ಹಕ್ಕು, ಅದನ್ನು ಮರೆಯಬಾರದು.

ಅಲೆಸದ್ದು:
ಆದರೆ 2020ರಲ್ಲಿ ಮಿಕ್ಮಾ ಜನರ ಸಿಪೆಕ್ನೆಕಾಟಿಕ್ ಸಮುದಾಯ ಸೇಂಟ್ ಮೇರೀಸ್ ಕೊಲ್ಲಿಯಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನು ಇಳಿಸಿದ್ದು ಸೆಪ್ಟೆಂಬರಿನಲ್ಲಿ, ಅಂದರೆ ಸರ್ಕಾರ ಗೊತ್ತುಮಾಡಿದ ಸೀಸನ್ ಮುಚ್ಚಿದ್ದಾಗ. ಉಳಿದ ಮೀನುಗಾರರ ಆತಂಕವನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಹಾವುಮೀನು:
ಆತಂಕ ಸರಿ, ಲೆಕ್ಕವನ್ನೂ ನೋಡಿ. ಆ ಸಮುದಾಯ ತಾನೇ ಕೊಟ್ಟ ಲೈಸೆನ್ಸ್ ಒಂದಕ್ಕೆ 50 ಬೋನು. ಅಲ್ಲಿನ ಒಬ್ಬ ವಾಣಿಜ್ಯ ಮೀನುಗಾರ ಹಾಕುವುದು 350ಕ್ಕೂ ಜಾಸ್ತಿ, ಅಂಥ ಲೈಸೆನ್ಸ್‌ಗಳು ನೂರಾರು ಇವೆ. ಆ ಅಕ್ಟೋಬರಿನಲ್ಲಿ ಮಿಕ್ಮಾ ಜನರ ಲಾಬ್‌ಸ್ಟರ್ ಇಟ್ಟಿದ್ದ ಒಂದು ಕಟ್ಟಡವನ್ನೇ ಯಾರೋ ಸುಟ್ಟುಹಾಕಿದರು. ಲಾಬ್‌ಸ್ಟರ್ ಸಂತತಿಯ ಚಿಂತೆ ಹಾಗೆ ತೋರಿಸುವುದಲ್ಲ.

ಮಂಜುಬೆಟ್ಟ:
ಲಾಬ್‌ಸ್ಟರ್ ಒಂದನ್ನೇ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಪಿಕ್ಟೋ ಲ್ಯಾಂಡಿಂಗ್ ಅನ್ನುವ ಮಿಕ್ಮಾ ಊರಿನ ಪಕ್ಕದ ಆಸೆಕ್ ಅನ್ನುವ ಹಿನ್ನೀರಿನಲ್ಲಿ ಅವರು ಮೀನು, ಚಿಪ್ಪು ಹಿಡಿಯುತ್ತಿದ್ದರು. 1967ರಿಂದ ಕಾಗದದ ತಿರುಳಿನ ಕಾರ್ಖಾನೆಯ ಕೊಳಕು ನೀರು ಅಲ್ಲಿಗೆ ಹರಿಯಿತು. ಅದು ನಿಂತದ್ದು 2020ರಲ್ಲಿ, ಅರ್ಧ ಶತಮಾನ ಆದಮೇಲೆ. ಮೀನು ಹಿಡಿಯುವ ಜಾಗವೇ ಹೋದರೆ ಮಕ್ಕಳಿಗೆ ಹೇಗೆ ಹಿಡಿಯಬೇಕು ಅಂತ ಎಲ್ಲಿ ಕಲಿಸೋದು?

ವಿಜ್ಞಾನವನ್ನೂ ಅವರು ಬೇಡ ಅನ್ನುವುದಿಲ್ಲ. ಮಿಕ್ಮಾ ಹಿರಿಯ ಆಲ್ಬರ್ಟ್ ಮಾರ್ಷಲ್ ಹೇಳುವ ಎಟುಆಪ್ಟ್‌ಮುಮ್ಕ್ ಅಂದರೆ ಎರಡು ಕಣ್ಣಿನ ನೋಟ. ಒಂದು ಕಣ್ಣಿಗೆ ಹಿರಿಯರ ತಿಳಿವು, ಇನ್ನೊಂದಕ್ಕೆ ವಿಜ್ಞಾನ. ನೋವಾ ಸ್ಕೋಷಾದ ಕೇಪ್ ಬ್ರೆಟನ್ ದ್ವೀಪದ ಐದು ಮಿಕ್ಮಾ ಸಮುದಾಯಗಳು ಎಸ್ಕಸೋನಿ ಅನ್ನುವ ಊರಿನಲ್ಲಿ ತಮ್ಮದೇ ನಿಸರ್ಗ ಸಂಪನ್ಮೂಲ ಸಂಸ್ಥೆ ನಡೆಸುತ್ತವೆ.

ನದಿದಂಡೆ:
ಬೋನುಗಳ ಲೆಕ್ಕ ಗೊತ್ತಿರಲಿಲ್ಲ. ಆಸೆಕ್ ಬಗ್ಗೆ ಇವತ್ತೇ ಓದಲು ಶುರು ಮಾಡುತ್ತೇನೆ.