ಬಾಲಿ ಟ್ರಿಪ್‌ನಾಗ ನ್ಯೆಪಿ ಬಂದದ, ಡೇಟ್ ಮುಂದ ಹಾಕ್ಲೇನ್ರಿ?

ಧಾರವಾಡದಾಂವ, ಪುಣೆ:
ಎಲ್ಲಾರ್ಗೂ ನಮಸ್ಕಾರ್ರಿ. ಹಿಂಜವಡಿ ಕಡೆ ಕೆಲಸ ಮಾಡ್ತೀನಿ, ಮಾರ್ಚ್ 2026ಕ್ಕ ಒಬ್ಬನ ಬ್ಯಾಗ್ ಹಾಕ್ಕೊಂಡು ಹತ್ತು ದಿನ ಬಾಲಿಗೆ ಹೋಗಬೇಕಂತ ಮಾಡೀನಿ. ಟಿಕೆಟ್ ನೋಡಾಕತ್ತಾಗ ಗೊತ್ತಾತು, 19ಕ್ಕ ಅಲ್ಲಿ ನ್ಯೆಪಿ ಅಂತ ಹೊಸ ವರ್ಷದ ಮೌನದ ಹಬ್ಬ, 24 ತಾಸು ಏರ್‌ಪೋರ್ಟ್ ಸೈತ ಬಂದ್, ರಸ್ತೆಕ್ಕ ಯಾರೂ ಕಾಲಿಡಂಗಿಲ್ಲಂತ. ಅವತ್ತ ನಮ್ಮ ಯುಗಾದಿ, ಇಲ್ಲಿ ಗುಡಿಪಾಡವಾ. ಹಬ್ಬದ ದಿನ ಮನಿ ಬಿಟ್ಟು ಹೊಂಟಿ ಅಂತ ಅವ್ವ ಬ್ಯಾರೆ ಬ್ಯಾಸರ ಮಾಡ್ಕೊಂಡಾಳ. ಅಷ್ಟ್ ದೂರ ಹೋಗಿ ಒಂದಿನ ರೂಮಿನ್ಯಾಗ ಕುಂದ್ರೂದಂದ್ರ ಮನಸ್ಸು ಒಪ್ಪವಲ್ದು. ಹೋಗಿ ಬಂದಾವ್ರು ಯಾರರ ಅದೀರೇನು?

ಉಡುಪಿಯವ, ಡೊಂಬಿವಲಿ:
ಮುಂದೆ ಹಾಕ್ಬೇಡಿ ಮಾರಾಯ್ರೆ, ಆದ್ರೆ ಮೂರು ದಿನ ಮೊದಲೇ ಹೋಗಿ. ನಾನು 2023ರಲ್ಲಿ ಬಾಲಿಯ ಉಬುದ್ ಊರಿನ ಹತ್ರ ಒಂದು ಮನೆಯಲ್ಲಿ ಹೋಂಸ್ಟೇ ಇದ್ದೆ, ಆ ವರ್ಷವೂ ಮಾರ್ಚ್ 22ಕ್ಕೆ ಯುಗಾದಿ, ನ್ಯೆಪಿ ಎರಡೂ. ಆ ಮನೆಯ ಅಜ್ಜ ಗೋಡೆ ಕ್ಯಾಲೆಂಡರ್ ತೋರಿಸಿ ಶಕ 1945 ಶುರು ಅಂದಾಗ ನಂಗೆ ಮೈ ಜುಂ ಅಂತು, ನಮ್ಮ ಶಾಲಿವಾಹನ ಶಕವೂ ಅದೇ 1945 ಅಲ್ವಾ. ಪ್ರತಿ ವರ್ಷ ಹೀಗೆ ಕೂಡಿ ಬರೂದಿಲ್ಲ, 2024ರಲ್ಲಿ ಸುಮಾರು ಒಂದು ತಿಂಗಳ ಅಂತರ ಇತ್ತು.

ಹಿಂದಿನ ಸಂಜೆ ಓಗೋ-ಓಗೋ ಅಂತ ದೊಡ್ಡ ದೊಡ್ಡ ರಾಕ್ಷಸನ ಬೊಂಬೆ, ಬಿದಿರಿನ ಅಟ್ಟದ ಮೇಲಿಟ್ಟು ಹುಡುಗ್ರು ಹೊತ್ಕೊಂಡು ಬಂದು ನಾಲ್ಕು ದಾರಿ ಕೂಡುವಲ್ಲಿ ಮೂರು ಸುತ್ತು ತಿರುಗಿಸ್ತಾರೆ, ಕಿವಿ ತುಂಬ ವಾದ್ಯ. ಬೆಳಿಗ್ಗೆ ಎದ್ರೆ ಏನೂ ಇಲ್ಲ! ಒಲೆ ಇಲ್ಲ, ಲೈಟ್ ಇಲ್ಲ, ಮೊಬೈಲ್ ಡೇಟಾ ಇಲ್ಲ, ಕಪ್ಪು-ಬಿಳಿ ಚೌಕುಳಿ ಬಟ್ಟೆ ಸುತ್ಕೊಂಡ ಪೆಚಲಾಂಗ್ ಅನ್ನೋ ಊರ ಕಾವಲಿನವ್ರು ಮಾತ್ರ ತಿರುಗ್ತಾರೆ. ಪಕ್ಕದ ಮನೆಯವ್ರು ಕೆಮ್ಮಿದ್ದೂ ಕೇಳ್ತಿತ್ತು. ರಾತ್ರಿ ಅಂಗಳದಲ್ಲಿ ಮಲಗಿ ನೋಡಿದ ನಕ್ಷತ್ರ ಉಂಟಲ್ಲ, ಮುಂಬೈಯಲ್ಲಿ ಇಷ್ಟು ವರ್ಷ ಇದ್ದವನಿಗೆ ಕಣ್ಣಲ್ಲಿ ನೀರೇ ಬಂತು.

ವಾಸ್ಕೋದಾಕಿ:
ನಾ ಸಮುದ್ರದ ಕಡೆ ಲಾಜ್‌ನ್ಯಾಗ ಇದ್ದೆ, ಮೊದಲ ಯಾರೂ ಹೇಳಲಿಲ್ಲ, ಹಿಂದಿನ ಸಂಜಿಗೇ ಅಂಗಡಿ ಎಲ್ಲಾ ಬಂದ್, ಇಡೀ ದಿನ ಬಿಸ್ಕೀಟ್ ತಿಂದು ಕಳದೆ. ಹಣ್ಣು, ಬ್ರೆಡ್ಡು, ನೀರು, ರೊಕ್ಕ ಮೊದಲ ತಗದಿಟ್ಕೋರಿ. ಗುಡಿಗೆ ಹೋಗಾಕ ಲುಂಗಿ ಹಂಗ ಸುತ್ಕೊಳ್ಳೂ ಸಾರೊಂಗ್, ಸೊಂಟಕ್ಕ ಒಂದು ಪಟ್ಟಿ ಬೇಕ ಬೇಕು. ಬಾಗಿಲ ಮುಂದ, ಫುಟ್‌ಪಾತ್ ಮ್ಯಾಲೆ ಎಲಿ ಬುಟ್ಟ್ಯಾಗ ಹೂವು ಇಟ್ಟಿರ್ತಾರ, ಚನಾಂಗ್ ಸಾರಿ ಅಂತ, ತುಳೀಬ್ಯಾಡ್ರಿ. ವೀಸಾ ಅಲ್ಲೇ ಇಳದು ತಗೋಬಹುದು, ನಾ ಹೋದಾಗ ಅಲ್ಲಿನ ರೊಕ್ಕದಾಗ 5 ಲಕ್ಷ ರೂಪಿಯಾ ಇತ್ತು. 2024ರಿಂದ ಟೂರಿಸ್ಟ್ ಫೀ ಅಂತ 1.5 ಲಕ್ಷ ಬ್ಯಾರೆ.

ಉಡುಪಿಯವ, ಡೊಂಬಿವಲಿ:
ಚನಾಂಗ್ ಅಂದ ಕೂಡ್ಲೆ ನೆನಪಾಯ್ತು. ಮನೆಯ ಅಮ್ಮ ನನ್ನನ್ನೂ ಕೂತ್ಕೊಳ್ಳಿಸಿ ಬುಟ್ಟಿ ತುಂಬ್ಸಿದ್ರು, ಬಿಳಿ ಹೂ ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ, ಹಳದಿ ಪಶ್ಚಿಮಕ್ಕೆ, ನೀಲಿಯೋ ಹಸಿರೋ ಉತ್ತರಕ್ಕೆ. ನಾನು ಕೆಂಪು ತಪ್ಪಿಟ್ಟೆ, ಅವ್ರು ಮಾತಾಡ್ಲೇ ಇಲ್ಲ, ನನ್ನ ಬೆರಳು ಹಿಡ್ದು ಹೂವಿನ ಸಮೇತ ಮೆಲ್ಲಗೆ ಈ ಕಡೆ ತಂದ್ರು. ನನ್ನ ಅಜ್ಜಿ ರಂಗೋಲಿ ಕಲಿಸಿದ್ದು ಹಾಗೇ. ದಯವಿಟ್ಟು ಹೋಟೆಲ್ ಬಿಟ್ಟು ಮನೆಯಲ್ಲೇ ಉಳೀರಿ.

ಧಾರವಾಡದಾಂವ, ಪುಣೆ:
ಇಬ್ಬರಿಗೂ ಭಾಳ ಥ್ಯಾಂಕ್ಸ್ ರೀ. ಶಕದ ಸುದ್ದಿ ಅವ್ವಗ ಫೋನ್‌ನ್ಯಾಗ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು "ಬೇವು-ಬೆಲ್ಲಕ್ಕ ಒಲಿ ಹಚ್ಚೂದು ಬೇಕಿಲ್ಲಲ್ಲಪಾ" ಅಂದ್ಲು. 16ರ ಟಿಕೆಟ್ ತಗದೆ. ಅಲ್ಲಿ ಬೇವು ಸಿಗ್ತದೇನ್ರಿ?

ಉಡುಪಿಯವ, ಡೊಂಬಿವಲಿ:
ಉಂಟು, ಇಂತಾರನ್ ಅಂತ ಕೇಳಿ. ತಾಳೆಬೆಲ್ಲ ಸಂತೆಯಲ್ಲೇ ಸಿಗ್ತದೆ. ಕೆಲವ್ರಿಗೆ ನ್ಯೆಪಿ ದಿನ ಉಪವಾಸ, ಅದಕ್ಕೆ ಬೇವು-ಬೆಲ್ಲ ಕೊಡೋ ಮೊದಲೇ ಕೇಳಿ. ಮಾರನೇ ದಿನ ಅವ್ರು ನೆಂಟರಿಷ್ಟರ ಮನೆಗೆ ಹೋಗಿ ತಪ್ಪಾಗಿದ್ರೆ ಕ್ಷಮಿಸಿ ಅಂತ ಕೇಳ್ಕೊಳ್ತಾರೆ, ಆವಾಗ ಒಂದು ಚಿಟಿಕೆ ಬೇವು-ಬೆಲ್ಲ ಕೈಗೆ ಹಾಕಿ.