ಸಹಾಯ ಬೇಕು: ಲೆಪ್ಟಿನ್ ಇಲ್ಲದ ಇಲಿಗಳ ಲಿವರ್ ಫೋಟೋ
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಹಾರ್ಮೋನ್ ಪಾಠ ಮಾಡುತ್ತಿದ್ದೇನೆ. 1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಕಂಡ ಓಬಿ (ಒಬೀಸ್, ಅಂದರೆ ಬೊಜ್ಜಿನ) ಇಲಿಗಳ ಕಥೆ ಮಕ್ಕಳಿಗೆ ತುಂಬಾ ಹಿಡಿಸಿತು. ಇವುಗಳಲ್ಲಿ ಹಸಿವು ತಗ್ಗಿಸುವ ಹಾರ್ಮೋನ್ ಆದ ಲೆಪ್ಟಿನ್ ತಯಾರಾಗುವುದೇ ಇಲ್ಲ, ಹಾಗಾಗಿ ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಮುಟ್ಟದೆ ಜಾಸ್ತಿ ತಿನ್ನುತ್ತವೆ, ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಮರಿ ಹಾಕುವ ಶಕ್ತಿಯೂ ಹೋಗುತ್ತದೆ. ಲೆಪ್ಟಿನ್ ಚುಚ್ಚಿದರೆ ತೂಕ ಇಳಿಯುತ್ತದೆ. ಡಿಬಿ (ಡಯಾಬಿಟೀಸ್) ಅನ್ನುವ ಇನ್ನೊಂದು ಬಗೆಯ ಇಲಿಗಳಲ್ಲಿ ಈ ಹಾರ್ಮೋನ್ ಇದ್ದರೂ ಅದನ್ನು ಹಿಡಿಯುವ ರಿಸೆಪ್ಟರ್ ಕೆಟ್ಟಿರುತ್ತದೆ, ಚುಚ್ಚಿ ಪ್ರಯೋಜನವಿಲ್ಲ. ಅವುಗಳ ಕಿಡ್ನಿಗೂ ಪೆಟ್ಟು ಬೀಳುತ್ತದೆ.

ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಇಂಥದ್ದು ಸಿಗುವುದೇ ಕಷ್ಟ ಅಲ್ವಾ? ಮಂಗಳೂರು ಕಡೆ ಪೆಥಾಲಜಿ ಓದುತ್ತಿರುವವರು ಯಾರಾದರೂ ಇದ್ದರೆ, ಕೊಬ್ಬು ತುಂಬಿದ ಲಿವರ್ ಮತ್ತು ಸರಿಯಾದ ಲಿವರ್‌ನ ಸ್ಲೈಡ್ ಫೋಟೋ ಕಳಿಸುತ್ತೀರಾ? ಕ್ಲಾಸಿನಲ್ಲಿ ತೋರಿಸಲು ಅನುಮತಿ ಇರುವಂಥದ್ದೇ ಬೇಕು.